ಒಂದಂಗುಲದ ಚಾಲುಕ್ಯರು

ನನ್ನ ತಂಗಿಯ ಮಗನ ಬಳಿ ಒಂದು ಸೈನ್ಯವಿದೆ. ಒಬ್ಬೊಬ್ಬ ಸೈನಿಕನ ಎತ್ತರ 28 ಮಿಲಿಮೀಟರು, ಅಂದರೆ ಅಂಗುಲಕ್ಕಿಂತ ಕೂದಲೆಳೆ ಹೆಚ್ಚು. ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಂದು ಕೋಣೆ ಪೂರ್ತಿ ಇವರದು. ಇನ್ನೊಂದರಲ್ಲಿ ಅವನು, ಅವನ ಹೆಂಡತಿ, ಫ್ರಿಜ್ಜು. ಶನಿವಾರ ಸಂಜೆ ಅವನಂಥವರೇ ನಾಲ್ಕಾರು ಮಂದಿ ಸೇರುತ್ತಾರೆ. ಸಾಫ್ಟ್‌ವೇರಿನವರೇ ಹೆಚ್ಚು, ನಡುವೆ ಒಬ್ಬ ಹಲ್ಲಿನ ಡಾಕ್ಟರು. ಊಟದ ಮೇಜಿಗೆ ಹಸಿರು ಬಟ್ಟೆ ಹಾಸಿ, ಟೇಪು ಹಿಡಿದು ನೆಲ ಅಳೆದು, ದಾಳ ಉರುಳಿಸಿ ವಾಟರ್‌ಲೂ ಕದನವನ್ನು ಮತ್ತೆ ನಡೆಸುತ್ತಾರೆ. ನೆಪೋಲಿಯನ್ ಆಗೊಮ್ಮೆ ಈಗೊಮ್ಮೆ ಗೆಲ್ಲುವುದೂ ಉಂಟು. ರಾತ್ರಿ ಹನ್ನೊಂದಕ್ಕೆ ಮನೆಯೊಡತಿ ಬಂದು ಮೇಜು ಕೇಳಿದಾಗ ಎರಡೂ ಪಕ್ಷದವರು ಒಟ್ಟಿಗೆ ಶರಣಾಗುತ್ತಾರೆ.

'ಇದು ಹುಡುಗಾಟಿಕಿ ಅಲ್ಲ ಮಾಮಾ' ಎಂದು ಅವನು ನನಗೆ ವಂಶಾವಳಿ ಒಪ್ಪಿಸಿದ್ದಾನೆ. ಪ್ರಶ್ಯದ ರೈಸ್‌ವಿಟ್ಸ್ ಎಂಬವನು 1812ರಲ್ಲಿ ದೊರೆಗೆಂದು ಯುದ್ಧದಾಟದ ಮೇಜೊಂದನ್ನು ಮಾಡಿಸಿದ. 1824ರಲ್ಲಿ ಮಗ ಅದನ್ನು ತಿದ್ದಿ ತೀಡಿದ ಮೇಲೆ ಅಲ್ಲಿಯ ಸೇನಾಧಿಕಾರಿಗಳಿಗೆ ಅದೇ ಪಾಠವಾಯಿತು. 1913ರಲ್ಲಿ ಎಚ್. ಜಿ. ವೆಲ್ಸ್ 'ಲಿಟಲ್ ವಾರ್ಸ್' ಎಂದು ನಿಯಮಗಳ ಪುಸ್ತಕವನ್ನೇ ಬರೆದ. ಮಂಗಳ ಗ್ರಹದವರನ್ನು ಭೂಮಿಯ ಮೇಲೆ ಛೂ ಬಿಟ್ಟ ಆ ಮಹಾಶಯ ಮನೆಯಲ್ಲಿ ಮಂಡಿಯೂರಿ, ಸ್ಪ್ರಿಂಗಿನ ಆಟಿಕೆ ತೋಪು ಹಾರಿಸಿ ಸೀಸದ ಸಿಪಾಯಿಗಳನ್ನು ಕೆಡವುತ್ತಿದ್ದ. ಅಂಥ ದೊಡ್ಡ ಮನುಷ್ಯರೇ ನೆಲದ ಮೇಲೆ ತೆವಳಿದ್ದಾರೆಂದ ಮೇಲೆ ನನ್ನ ಅಳಿಯ ಮೇಜಿನ ಮೇಲಾದರೂ ಆಡುತ್ತಾನಲ್ಲ ಎಂದು ಸುಮ್ಮನಾದೆ.

ಈಗ ಅವನಿಗೆ ನೆಪೋಲಿಯನ್ ಸಾಕಾಗಿ, ಚಾಲುಕ್ಯ ದೊರೆ ಇಮ್ಮಡಿ ಪುಲಿಕೇಶಿಯ ಸೈನ್ಯ ಕಟ್ಟುವ ಹುಚ್ಚು ಹತ್ತಿದೆ. ಒಂದು ಚೀಲದಲ್ಲಿ ಬಟ್ಟೆ, ಎರಡು ಚೀಲದಲ್ಲಿ ಸೈನ್ಯ ಹೊತ್ತುಕೊಂಡು ಇಳಕಲ್ಲಿನ ನಮ್ಮ ಮನೆಗೆ ಬಂದಿಳಿದ. ಇಂಗ್ಲೆಂಡಿನಿಂದ ತರಿಸಿದ ಆನೆಗಳಂತೆ; ಆನೆಯ ಬೆಲೆ ಹೇಳಿದ, ಸುಂಕ ಎಷ್ಟೆಂದು ಹೇಳಲಿಲ್ಲ. ನಮ್ಮ ಅಯ್ಯಾವೊಳೆಯ, ಅಂದರೆ ಐಹೊಳೆಯ, ಐನೂರ್ವರೆಂಬ ವರ್ತಕರು ಸಮುದ್ರದಾಚೆಗೂ ವ್ಯಾಪಾರ ಮಾಡಿದವರು, ಸುಮಾತ್ರಾದ ಬರೂಸಿನಲ್ಲಿ 1088ರ ಶಾಸನವನ್ನೂ ನಿಲ್ಲಿಸಿ ಬಂದವರು. ಆನೆಗಳ ನಾಡಿಗೆ ಇಂಗ್ಲೆಂಡಿನಿಂದ ಆನೆ ಆಮದಾಗುವ ಈ ವ್ಯವಹಾರ ಅವರಿಗೂ ಹೊಳೆದಿರಲಾರದು.

'ಐಹೊಳಿಗೆ ಹೋಗೂಣ್ರಿ ಮಾಮಾ, ಬಣ್ಣ ನೋಡಬೇಕ್ರಿ' ಅಂದ. ಈ ಹವ್ಯಾಸದಲ್ಲಿ ಒಂದು ಪಂಗಡವಿದೆ. ಉಳಿದವರು ಅವರನ್ನು ಗುಂಡಿ ಎಣಿಸುವವರು ಎಂದು ಆಡಿಕೊಳ್ಳುತ್ತಾರೆ. 1815ರಲ್ಲಿ ಯಾವ ರೆಜಿಮೆಂಟಿನ ಕೋಟಿಗೆ ಎಷ್ಟು ಗುಂಡಿ, ಕಾಲರಿನ ಹಳದಿ ನಿಂಬೆಯದೋ ಅರಿಸಿನದ್ದೋ ಎಂದು ಮಾತುಕತೆ ಬಿಡುವ ಜನ. ನನ್ನ ಅಳಿಯ ಈ ಪಂಗಡದ ಧರ್ಮದರ್ಶಿ. ಅಂಥವನಿಗೆ ದುರ್ಗ ಗುಡಿಯ ಪ್ರದಕ್ಷಿಣೆಯಲ್ಲಿ ದೊಡ್ಡ ಆಘಾತ ಕಾದಿತ್ತು. ಕಂಬಕಂಬಕ್ಕೂ ಕಿರೀಟ, ಕಂಠಿ, ತೋಳಬಂದಿ. ಗುಂಡಿ ಹುಡುಕೋಣವೆಂದರೆ ಮೈಮೇಲೆ ಅಂಗಿಯೇ ಇಲ್ಲ! ಬಣ್ಣವಂತೂ ಮರಳುಗಲ್ಲಿನದೇ. ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಕಾಲದ ವರ್ಣಚಿತ್ರ ಇದೆಯಲ್ಲ ಎಂದು ಸಮಾಧಾನ ಹೇಳಿದೆ. ಅಲ್ಲಿ ಉಳಿದಿರುವ ಚೂರುಪಾರಿನಲ್ಲಿ ಕಾಲಾಳಿನ ಧೋತರದ ಅಂಚು ಹುಡುಕಬೇಕಾದರೆ ಗುಂಡಿ ಎಣಿಸುವವನ ಕಣ್ಣೂ ಸೋಲುತ್ತದೆ. ಕಡೆಗೆ ಸಮಸ್ಯೆ ಬಿಡಿಸಿದವಳು ನನ್ನ ಹೆಂಡತಿ. 'ಕೆಂಪು ಹಚ್ಚೋ. ನಮ್ಮ ಸೆರಗಿನ ಕೆಂಪು. ಯಾರರ ಕೇಳಿದ್ರ ನಮ್ಮ ಅತ್ತಿ ಹೇಳ್ಯಾಳ ಅನ್ನು.' ಚಾಲುಕ್ಯ ಕಾಲಾಳುಗಳು ಈಗ ಇಳಕಲ್ ಸೀರೆಯ ಸೆರಗಿನ ಬಣ್ಣದಲ್ಲಿದ್ದಾರೆ. ಇದಕ್ಕೆ ವಿರುದ್ಧವಾದ ಆಧಾರ ಯಾರಾದರೂ ತರಲಿ, ನೋಡೋಣ.

ಅವನ ಇನ್ನೊಂದು ಸಂಕಟ ನಿಯಮದ ಪುಸ್ತಕದ್ದು. 1990ರಲ್ಲಿ ಬಂದ ಡಿಬಿಎ ಎಂಬ ಆಟ ಈ ಜನರಲ್ಲಿ ಬಹಳ ಚಾಲ್ತಿ. ಫಿಲ್ ಬಾರ್ಕರ್ ಮುಖ್ಯ ಕರ್ತೃ. ಅದರಲ್ಲಿ ಜಗತ್ತಿನ ಯಾವ ಸೈನ್ಯವಾದರೂ ಹನ್ನೆರಡೇ ತುಂಡು. ಮೂರು ಮಹಾರಾಷ್ಟ್ರಕಗಳ ತೊಂಬತ್ತೊಂಬತ್ತು ಸಾವಿರ ಹಳ್ಳಿಗಳ ಒಡೆಯನಾದ ಪುಲಿಕೇಶಿ ಹನ್ನೆರಡು ತುಂಡಿನಲ್ಲಿ ಮುಗಿಯಬೇಕು. ಅದೂ ಹೋಗಲಿ, ಪುಲಿಕೇಶಿಯಿಂದ ಹಿಡಿದು ಹೆಚ್ಚುಕಡಿಮೆ ಕೃಷ್ಣದೇವರಾಯನ ಕಾಲದವರೆಗೆ ನಮ್ಮವರಿಗೆಲ್ಲ ಸೇರಿ 'ಹಿಂದೂ ಇಂಡಿಯನ್' ಎಂಬ ಒಂದೇ ಪಟ್ಟಿ. ಇಂಗ್ಲೆಂಡಿನ ಗುಲಾಬಿ ಕದನಗಳ ಮೂವತ್ತು ವರ್ಷಕ್ಕೇ ಬೇರೆ ಪಟ್ಟಿಯಂತೆ. ಹೊಟ್ಟೆ ಉರಿಯದಿದ್ದೀತೆ?

ಹೊಟ್ಟೆಯುರಿ ಶಮನವಾದದ್ದು ಐಹೊಳೆಯ ಮೇಗುತಿ ಗುಡ್ಡ ಹತ್ತಿದ ಮೇಲೆ. ನಾನು ಏದುಸಿರು ಬಿಡುತ್ತಿದ್ದರೆ ಅವನು ಕೋಟೆಯ ಗೋಡೆ ನೋಡಿ 'ರಕ್ಷಣೆಗೆ ಪ್ಲಸ್ ಟೂ' ಎಂದು ಗೊಣಗುತ್ತಿದ್ದ. ಆಮೇಲೆ ಜಿನಾಲಯದ ಪೂರ್ವದ ಗೋಡೆಯ ಮುಂದೆ ನಿಂತ. ಪುಲಿಕೇಶಿಯ ಗೆಲುವುಗಳನ್ನು ಹಾಡಿದ ಕವಿ ರವಿಕೀರ್ತಿಯ ಶಾಸನ: ಹತ್ತೊಂಬತ್ತು ಸಾಲು, ಸಂಸ್ಕೃತ ಭಾಷೆ, ಹಳಗನ್ನಡ ಲಿಪಿ, ಶಕ ವರ್ಷ 556. ನಮ್ಮ ಲೆಕ್ಕದಲ್ಲಿ 634–35. ಗಮನಿಸಬೇಕಾದದ್ದು, ರವಿಕೀರ್ತಿ ಶಕವರ್ಷಕ್ಕೆ ತೃಪ್ತನಾಗದೆ, ಭಾರತ ಯುದ್ಧ ಮುಗಿದು 3735 ವರ್ಷವಾಯಿತು ಎಂದೂ ಬರೆದಿದ್ದಾನೆ. ಕಾಲವನ್ನು ಯುದ್ಧದಿಂದ ಅಳೆಯುವವನು ಇನ್ಯಾರು? ಅಳಿಯ ಕೈಮುಗಿದ.

ಈ ಆಟದವರಿಗೆ ಆಡುವುದಕ್ಕಿಂತ ಪ್ರಿಯವಾದದ್ದು, ಆಡಿದ ಮೇಲೆ ವರದಿ ಬರೆಯುವುದು. ಅದಕ್ಕೊಂದು ಸಂಪ್ರದಾಯವಿದೆ: ಗೆದ್ದರೆ ತಂತ್ರ, ಸೋತರೆ ದಾಳ. ಆ ದೃಷ್ಟಿಯಿಂದ ಓದಿದರೆ ರವಿಕೀರ್ತಿ ಈ ಬಳಗದ ಮೂಲಪುರುಷ. ಬನವಾಸಿಗೆ ಮುತ್ತಿಗೆ ಹಾಕಿದಾಗ ಸೇನಾಸಮುದ್ರ ಸುತ್ತುವರಿದು ನೆಲದ ಕೋಟೆ ಜಲದುರ್ಗದಂತೆ ಕಂಡಿತು. ಪುರಿಯ ಮೇಲೆ ನೂರಾರು ಹಡಗು. ಭೀಮಾ ತೀರಕ್ಕೆ ಆನೆಗಳ ಸಮೇತ ಏರಿ ಬಂದ ಅಪ್ಪಾಯಿಕ, ಗೋವಿಂದ ಎಂಬ ಇಬ್ಬರಲ್ಲಿ ಒಬ್ಬ ಹೆದರಿ ಓಡಿದ, ಇನ್ನೊಬ್ಬ ನಮ್ಮ ಪಕ್ಷಕ್ಕೇ ಬಂದ. ಶನಿವಾರದ ಗುಂಪಿನಲ್ಲೂ ಹೀಗೇ ಆಗುತ್ತದಂತೆ. ಕಾವೇರಿ ದಾಟುವಾಗ ಆನೆಗಳೇ ಸೇತುವೆಯಾಗಿ ಹೊಳೆ ನಿಂತಿತು. ಉತ್ತರದಲ್ಲಿ ಹರ್ಷ ಸೋತ, ಕಂಚಿಯ ಪಲ್ಲವ ಕೋಟೆಯ ಹಿಂದೆ ಅಡಗಿದ. ಎಲ್ಲ ಬರೆದು ಮುಗಿಸಿ, ಕವಿತ್ವದಲ್ಲಿ ತಾನು ಕಾಳಿದಾಸ ಭಾರವಿಗಳಿಗೆ ಸಮನೆಂದು ಸಹಿ ಹಾಕಿದ್ದಾನೆ. ಸಂಕೋಚದ ಸುಳಿವಿಲ್ಲ. ಒಂದು ಸಲವೂ ದಾಳ ಕೆಟ್ಟು ಬಿದ್ದಿಲ್ಲ.

ಎದುರಾಳಿಯ ವರದಿ ಬೇರೆ ಇರುತ್ತದೆ, ಅದೂ ಸಂಪ್ರದಾಯವೇ. ಪಲ್ಲವರ ಕಶಾಕೂಡಿ ತಾಮ್ರಪಟ ನೋಡಿದರೆ, ಅಡಗಿದನೆನ್ನಲಾದ ಆ ಮಹೇಂದ್ರವರ್ಮನೇ ಪುಳ್ಳಲೂರಿನಲ್ಲಿ ಶತ್ರುಗಳನ್ನು ಸದೆಬಡಿದ. ಶತ್ರು ಯಾರೆಂದು ಮಾತ್ರ ಹೇಳಿಲ್ಲ. ಮುಂದೆ 642ರಲ್ಲಿ ಅವನ ಮಗ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. ಅದರ ವರದಿ ಮೇಗುತಿಯಲ್ಲಿ ಎಲ್ಲಿಂದ ಬರಬೇಕು? ಶಾಸನ ಆಗಲೇ ಕೊರೆದು ಮುಗಿದಿತ್ತು. ಪಲ್ಲವ ತಾನೇ ಬಾದಾಮಿಯ ಬಂಡೆಯ ಮೇಲೆ ಬರೆಸಿಹೋದ.

ಆ ಬಾದಾಮಿ ಕದನವನ್ನು ನಮ್ಮ ಪಡಸಾಲೆಯಲ್ಲಿ ಆಡುವುದೆಂದಾಯಿತು. ಅಳಿಯ ಚಾಲುಕ್ಯ. ನಾನು ಪಂಚ. ಪಲ್ಲವರ ಕಡೆಗೆ ಯಾರೂ ಸಿಗದೆ ನನ್ನ ಹೆಂಡತಿಯನ್ನು ಅಡುಗೆಮನೆಯಿಂದ ಕರೆತಂದೆವು. ಮೂವತ್ತು ವರ್ಷದಿಂದ ಚೌಕಾಬಾರದಲ್ಲಿ ಓಣಿಯನ್ನೇ ಗೆದ್ದವಳು ಆಕೆ ಎಂಬುದನ್ನು ಅಳಿಯ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನ ಗಮನವೆಲ್ಲ ತಾನೇ ಸೇರಿಸಿದ ಎರಡು ಹೊಸ ನಿಯಮಗಳ ಮೇಲೆ. ಎರಡಕ್ಕೂ ಆಧಾರ ಹ್ಯೂಯೆನ್ ತ್ಸಾಂಗ್. ಈ ನಾಡಿನ ವೀರರು ಯುದ್ಧಕ್ಕೆ ಮೊದಲು ತಾವೂ ಕುಡಿದು ಆನೆಗಳಿಗೂ ಕುಡಿಸುತ್ತಾರೆ ಎಂದು ಆ ಚೀನಾದ ಯಾತ್ರಿಕ ಬರೆದಿಟ್ಟಿದ್ದಾನೆ. ಆದ್ದರಿಂದ ಮೊದಲನೆಯದು: ಚಾಲುಕ್ಯರ ಆನೆಗೆ ದುಪ್ಪಟ್ಟು ಬಲ, ಆದರೆ ದಾಳ ಒಂದು ಬಿದ್ದರೆ ಆನೆ ತಿರುಗಿ ತನ್ನವರನ್ನೇ ತುಳಿಯುತ್ತದೆ. ಎರಡನೆಯದು: ಸೋತ ಸೇನಾಪತಿಗೆ ಶಿಕ್ಷೆಯಿಲ್ಲ, ಹೆಣ್ಣುಡುಗೆ ಕೊಡುತ್ತಾರೆ. ಮಾನಿಷ್ಠನಾದವನು ಆ ಅವಮಾನಕ್ಕೇ ಸಾಯಬೇಕು.

ದಾಳ ಒಂದು ಬಿತ್ತು. ಮತ್ತೆ ಒಂದು. ಕುಡಿದ ಆನೆಗಳು ಸೆರಗಿನ ಬಣ್ಣದ ಕಾಲಾಳುಗಳ ಮೇಲೆ ಹಾಯ್ದವು. ಒಲೆಯ ಮೇಲಿನ ಬ್ಯಾಳಿ ಬೇಯುವಷ್ಟರಲ್ಲಿ ಬಾದಾಮಿ ಬಿತ್ತು.

ಎರಡನೆಯ ನಿಯಮಕ್ಕೆ ಬಂದಾಗ ನನ್ನಾಕೆ ತಕರಾರು ತೆಗೆದಳು. ಸೀರೆ ಕೊಡುವುದು ಶಿಕ್ಷೆ ಎಂಬ ಮಾತು ಇಳಕಲ್ಲಿನಲ್ಲಿ ನಡೆಯುವುದಿಲ್ಲ. ಇಲ್ಲಿ ಸೀರೆ ಬಹುಮಾನ, ಬಹುಮಾನ ಗೆದ್ದವರಿಗೆ ಸೇರತಕ್ಕದ್ದು. ಅಳಿಯ ಹ್ಯೂಯೆನ್ ತ್ಸಾಂಗನ ಮಾತನ್ನು ಮತ್ತೆ ಓದಿ ಹೇಳಿದ. 'ಅಂವ ಚೀನಾದಿಂದ ಬಂದಾಂವ, ಅವಂಗೇನ ಗೊತ್ತು?' ತೀರ್ಪು ಕೇಳಲು ಇಬ್ಬರೂ ಪಂಚನ ಕಡೆ ತಿರುಗಿದರು. ಆ ಮನೆಯಲ್ಲೇ ಊಟ ಮಾಡಬೇಕಾದ ಪಂಚ ಏನು ತೀರ್ಪು ಕೊಟ್ಟಾನು?

ಟೋಪ್ ತೆನಿ ಸೆರಗಿನ ಸೀರೆ ಕೊಂಡು ತಂದ ಮೇಲೆ ಅಳಿಯ ಜಗುಲಿಯಲ್ಲಿ ಕೂತು ವರದಿ ಬರೆದ. ಓದಿ ನೋಡಿದೆ. ಮಲಪ್ರಭೆಯ ದಂಡೆ, ವ್ಯೂಹದ ವರ್ಣನೆ, ಆನೆಗಳ ಗಾಂಭೀರ್ಯ ಎಲ್ಲ ಇತ್ತು. ಮೊದಲನೆಯ ದಾಳ ಬೀಳುವುದಕ್ಕೆ ಮುಂಚೆಯೇ ವರದಿ ಮುಗಿದಿತ್ತು. ಅಷ್ಟರಲ್ಲಿ ಒಳಗೆ ಎದುರಾಳಿ ಹುನಗುಂದದಲ್ಲಿರುವ ಅವನ ಅವ್ವನಿಗೆ ಫೋನು ಹಚ್ಚಿ, ಎರಡನೆಯ ಆನೆ ತಿರುಗಿದಲ್ಲಿಗೆ ಬಂದಿದ್ದಳು.