ಕಾರವಾರ–ಅಂಕೋಲಾ ಪ್ರಾಂತ್ಯದ ವೃಕ್ಷಸಂಗ್ರಹ ಮೀಮಾಂಸೆ

ವಸ್ತುವನ್ನು ನೋಡುವ ಮೊದಲೇ ಅದಕ್ಕೊಂದು ಲಕ್ಷಣ ಹೇಳಿಬಿಡುವುದು ಪಂಡಿತರ ಪದ್ಧತಿ. ಹೇಳಿದ ಲಕ್ಷಣ ಪಕ್ಕದ ಮನೆಯ ಅಂಗಳಕ್ಕೂ ಹರಿದರೆ ಅತಿವ್ಯಾಪ್ತಿ. ಸ್ವಂತ ಮನೆಗೇ ಸಾಲದಿದ್ದರೆ ಅವ್ಯಾಪ್ತಿ. ವೃಕ್ಷೋದ್ಯಾನದ ಲಕ್ಷಣವನ್ನು ಇದೇ ಕ್ರಮದಲ್ಲಿ ಕಾರವಾರ, ಅಂಕೋಲಾ ತಾಲೂಕುಗಳಲ್ಲಿ ಪರೀಕ್ಷಿಸುವುದು ಈ ಪ್ರಬಂಧದ ಉದ್ದೇಶ. ಅಲ್ಲಿ ಲಾಲ್‌ಬಾಗಿನಂಥದ್ದು ಏನೂ ಇಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಇಲ್ಲದ್ದನ್ನು ವಿಚಾರಿಸುವುದು ನಮ್ಮ ಶಾಸ್ತ್ರಕಾರರಿಗೆ ಎಂದೂ ಅಡ್ಡಿಯಾಗಿಲ್ಲ; ಮೊಲದ ಕೋಡಿನ ಮೇಲೆ ಅವರು ಖರ್ಚು ಮಾಡಿದ ತಾಳೆಗರಿಯನ್ನು ನೆನೆಸಿಕೊಳ್ಳಿ.

ಮೊದಲ ಲಕ್ಷಣ: ಬಗೆಬಗೆಯ ಮರಗಳನ್ನು ಒಂದೆಡೆ ಕೂಡಿಸಿಟ್ಟರೆ ವೃಕ್ಷೋದ್ಯಾನ. ಇದು ಹೇಳಿ ಮುಗಿಸುವಷ್ಟರಲ್ಲೇ ಕೆಡುತ್ತದೆ. ಅರಣ್ಯ ಇಲಾಖೆಯ ನಾಟಾ ಡಿಪೊದಲ್ಲಿ ಸಾಗವಾನಿ, ಮತ್ತಿ, ನಂದಿ, ಹೊನ್ನೆ ಎಲ್ಲವೂ ಕೂಡಿವೆ, ತಲೆಗೊಂದು ನಂಬರು ಬರೆಸಿಕೊಂಡು ಲಿಲಾವಿಗಾಗಿ ಕಾಯುತ್ತ ಅಡ್ಡ ಮಲಗಿವೆ. ಆದ್ದರಿಂದ ಮರ ಜೀವಂತವಿರಬೇಕು ಎಂಬ ಷರತ್ತು ಸೇರಿಸೋಣ.

ಜೀವಂತವಾದರೆ ಸಾಕೇ, ಬಗೆಬಗೆಯದಾಗಿರಲೇಬೇಕೇ ಎಂಬ ಉಪಪ್ರಶ್ನೆಯನ್ನು ಎತ್ತುವುದು ಕಾರವಾರದ ಕಡಲ ದಂಡೆಯ ಗಾಳಿಮರ. ಆಸ್ಟ್ರೇಲಿಯಾ ಕಡೆಯ ಈ ಮರವನ್ನು 1860ರ ದಶಕದ ಕೊನೆಯಲ್ಲಿ ಉರುವಲಿಗೆಂದು ತಂದು ಇಲ್ಲಿ ನೆಟ್ಟರು. ಭಾರತದ ಮೊದಮೊದಲ ಗಾಳಿಮರದ ನೆಡುತೋಪುಗಳಿಗೆ ಕಾರವಾರವೇ ತವರು. ಅದರ ಎಲೆಯೆಂದು ನಾವು ತಿಳಿದಿರುವುದು ಎಲೆಯಲ್ಲ, ಹಸಿರು ಕಡ್ಡಿ. ನಿಜವಾದ ಎಲೆ ಆ ಕಡ್ಡಿಯ ಗಂಟುಗಳಲ್ಲಿ ಹುರುಪೆಯಷ್ಟು ಸಣ್ಣಗೆ ಅಂಟಿಕೊಂಡಿರುತ್ತದೆ. 1883ರಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರನಾಥ ಟಾಗೋರರು ಈ ಗಾಳಿಮರದ ಕಾಡನ್ನು ಮುಂದೆ ತಮ್ಮ ನೆನಪುಗಳಲ್ಲಿ ಬರೆದರು. ಕವಿ ಕಂಡದ್ದು ಕಾವ್ಯ. ಇಲಾಖೆಯ ಕಡತದಲ್ಲಿ ಅದು ಸೌದೆ. ಇಬ್ಬರೂ ಸುಳ್ಳು ಹೇಳಿಲ್ಲ. ಆದರೂ ಒಂದೇ ಜಾತಿಯನ್ನು ಸಾಲಾಗಿ ನಿಲ್ಲಿಸಿದ್ದನ್ನು ಸಂಗ್ರಹವೆನ್ನಲು ಮನಸ್ಸು ಒಪ್ಪದು. ವೈವಿಧ್ಯವೆಂಬ ಷರತ್ತು ಉಳಿಯಲಿ.

ವೈವಿಧ್ಯವೆಂದೊಡನೆ ಘಟ್ಟದ ತಪ್ಪಲಿನ ದೇವರಕಾಡು ಹಕ್ಕು ಸಾಧಿಸಲು ಬರುತ್ತದೆ. ಅದನ್ನು ಯಾರೂ ನೆಟ್ಟಿಲ್ಲ, ಕಡಿಯಲು ಹೆದರಿದ್ದಷ್ಟೇ ಭಕ್ತರ ಕೃಷಿ. ಹಾಗಾದರೆ 'ಬೀಜ ಬಿತ್ತಿ ಬೆಳೆಸಿದ' ಎನ್ನೋಣವೇ? ಆಗ ಮಂಗಟ್ಟೆ ಹಕ್ಕಿಯೂ ಉದ್ಯಾನಪಾಲಕ ಹುದ್ದೆಗೆ ಅರ್ಜಿ ಹಾಕುತ್ತದೆ. ರಂಪತ್ರೆಯಂಥ ಹಣ್ಣನ್ನು ನುಂಗಿ, ಬೀಜವನ್ನು ದೂರದಲ್ಲಿ ಕಕ್ಕಿ, ತಲೆತಲಾಂತರದಿಂದ ಸಂಬಳವಿಲ್ಲದೆ ದುಡಿದ ಅನುಭವ ಅದಕ್ಕಿದೆ. ಕೊನೆಗೆ 'ಹೆಸರಿನ ಪಟ್ಟಿ ಹಚ್ಚಿದ' ಎಂದು ಸೇರಿಸಿ ಹಕ್ಕಿಯನ್ನು ಹೊರಗಿಡಬಹುದು. ಇಂಗ್ಲೆಂಡಿನ ಡರ್ಬಿಯಲ್ಲಿ 1840ರಲ್ಲಿ ಜಾನ್ ಲೌಡನ್ ಸಾರ್ವಜನಿಕರಿಗಾಗಿ ವೃಕ್ಷೋದ್ಯಾನ ರೂಪಿಸಿದಾಗ ಮರಗಳಿಗೆ ಹೆಸರು ಹಚ್ಚುವುದೇ ಅದರ ಜೀವಾಳವಾಗಿತ್ತು. (ಮರಗಳ ಮೇಲೆ ಎಂಟು ಸಂಪುಟದ ಗ್ರಂಥ ಅಚ್ಚುಹಾಕಿಸಿ ಆತ ಸಾಲದಲ್ಲಿ ಮುಳುಗಿದ. ವರ್ಗೀಕರಣ ದುಬಾರಿ ಚಟ.) ಆದರೆ ನಮ್ಮಲ್ಲಿ ಮರದ ಮೈಮೇಲೆ ಬಣ್ಣದಿಂದ ಏನಾದರೂ ಬರೆದಿದ್ದಾರೆಂದರೆ ಹೆದ್ದಾರಿ ಅಗಲವಾಗುತ್ತಿದೆಯೆಂದೇ ಅರ್ಥ. 66ನೇ ನಂಬರಿನ ರಸ್ತೆಯ ಬದಿಯ ಮರಗಳು ಅಷ್ಟು ಶಾಸ್ತ್ರೋಕ್ತವಾಗಿ ಪಟ್ಟಿಯಾದದ್ದು ಉರುಳುವ ಮುನ್ನ ಮಾತ್ರ.

ನಕ್ಷತ್ರವನವೆಂಬ ಇನ್ನೊಂದು ಪಂಥವನ್ನು ಬೇಗ ದಾಟೋಣ. ಅಲ್ಲಿ 27 ನಕ್ಷತ್ರಕ್ಕೆ 27 ಮರ: ಭರಣಿಗೆ ನೆಲ್ಲಿ, ಕೃತ್ತಿಕೆಗೆ ಅತ್ತಿ, ಅಶ್ವಿನಿಗೆ ಕಾಸರಕ. ವಿಷದ ಬೀಜದ ಮರ ಪಾಲಿಗೆ ಬಂದ ಅಶ್ವಿನಿಯವರ ಅಸಮಾಧಾನ ನ್ಯಾಯವಾದದ್ದು.

ಈಗ ಸಿದ್ಧಾಂತ. ಲಿನೇಯಸ್ 1753ರಲ್ಲಿ ಗಿಡಗಳನ್ನು ಹೂವಿನ ಕೇಸರ ಎಣಿಸಿ ಬೇರ್ಪಡಿಸಿದ. ಅದು ನೋಡುವವನ ವರ್ಗೀಕರಣ. ಬೆಳೆಸುವವರು ಎಣಿಸುವುದು ಬೇರೆಯದನ್ನೇ: ಬೀಜ ಎಷ್ಟು ದಿನ ಕಾಯುತ್ತದೆ? ಈ ದೃಷ್ಟಿಯಿಂದ ಮರಗಳು ಮೂರು ಕುಲ.

ಕಾಯುವ ಕುಲಕ್ಕೆ ಗಾಳಿಮರ ಸೇರಿದ್ದು. ಕಿಲೋಗೆ ಲಕ್ಷಗಟ್ಟಲೆ ತೂಗುವ ಅದರ ಹಗುರ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟು ಬೇಕಾದಾಗ ಬಿತ್ತಬಹುದು. ಕಾಯಿಸುವ ಕುಲ ಸಾಗವಾನಿಯದು: ದಿನಗಟ್ಟಲೆ ನೆನೆಸಿ ಒಣಗಿಸಿ, ಮತ್ತೆ ನೆನೆಸಿ ಒಣಗಿಸಿದರೂ ಒಂದು ಈಗ ಮೊಳೆತರೆ ಇನ್ನೊಂದು ಯಾವಾಗಲೋ. ಮೂರನೆಯದು ಕಾಯದ ಕುಲ. ಹಲಸು, ಮಾವು, ಮುರುಗಲು, ಧೂಪ, ರಂಪತ್ರೆ ಎಲ್ಲ ಇದರಲ್ಲಿ ಬರುತ್ತವೆ. ಇವುಗಳ ಬೀಜ ಒಣಗಿತೆಂದರೆ ಸತ್ತಿತು. ಲಂಡನ್ನಿನ ಕ್ಯೂ ಉದ್ಯಾನದವರು 2000ದಲ್ಲಿ ತೆರೆದ ಬೀಜಭಂಡಾರದಲ್ಲಿ ಬೀಜಗಳನ್ನು ಒಣಗಿಸಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಕಾಪಿಡುತ್ತಾರೆ. ಹಲಸಿನ ಬೇಳೆಗೆ ಆ ಉಪಚಾರ ಮಾಡಿದರೆ ಅದಕ್ಕೆ ತಿಥಿ ಮಾಡಿದಂತೆಯೇ. ನಮ್ಮ ಮಳೆಕಾಡಿನ ಮರಗಳಲ್ಲಿ ಇಂಥವು ಬಹಳ. ಇವನ್ನು ಉಳಿಸಲು ಯಂತ್ರ ಸಾಲದು. ಯಾವ ಗುಡ್ಡದ ಯಾವ ಮರ ಯಾವ ವಾರ ಹಣ್ಣು ಉದುರಿಸುತ್ತದೆ ಎಂದು ಬಲ್ಲವರು ಬುಟ್ಟಿ ಹಿಡಿದು ಹೋಗಬೇಕು, ತಂದದ್ದನ್ನು ತಡಮಾಡದೆ ಮಡಿಗೆ ಇಳಿಸಬೇಕು.

ಅಂಥವರು ಅಂಕೋಲೆಯಲ್ಲಿದ್ದರು. ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಚಿಕ್ಕವಳಿದ್ದಾಗಲೇ ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ದಿನಗೂಲಿಗೆ ಹೋದವರು, ದಶಕಗಳ ನಂತರ ಅಲ್ಲೇ ಕಾಯಂ ಆದರು. ಯಾವ ಜಾತಿಗೆ ಯಾವುದು ತಾಯಿಮರ, ಅದರ ಬೀಜವನ್ನು ಯಾವ ಹದದಲ್ಲಿ ಎತ್ತಬೇಕು ಎಂಬುದು ಅವರಿಗೆ ಕರತಲಾಮಲಕ. 1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದವು. 2020ರ ಪದ್ಮಶ್ರೀಯನ್ನು 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲೇ ಸ್ವೀಕರಿಸಿದರು. 2024ರ ಡಿಸೆಂಬರ್ 16ರಂದು ತೀರಿಕೊಂಡರು. ಹೆಸರಿನ ಪಟ್ಟಿ ಹಚ್ಚುವುದೇ ಲಕ್ಷಣವೆಂದರೆ ಅವರ ಸಂಗ್ರಹಕ್ಕೆ ಒಂದು ಪಟ್ಟಿಯೂ ಇರಲಿಲ್ಲ. ಪಟ್ಟಿ ಬೇಕಾದದ್ದು ನೋಡುವವರಿಗೆ. ಹಾಗಾಗಿ ಪರಿಷ್ಕೃತ ಲಕ್ಷಣ ಹೀಗೆ: ಕಾಯದ ಬೀಜಕ್ಕಾಗಿ ಕಾಯುವವರು ಇರುವ ಸ್ಥಳವೇ ವೃಕ್ಷೋದ್ಯಾನ.

ಇಷ್ಟು ಭದ್ರವಾದ ಲಕ್ಷಣಕ್ಕೂ ಅಂಕೋಲೆಯೇ ಒಂದು ಅವ್ಯಾಪ್ತಿಯನ್ನು ಒಡ್ಡಿದೆ. ಅದರ ಹೆಸರು ಕರಿ ಇಶಾಡ. 2023ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಮಾವು. ತೆಳು ಸಿಪ್ಪೆ, ತುಂಬು ತಿರುಳು, ಹೆಚ್ಚು ದಿನ ಇಡಲಾಗದ ಹಣ್ಣು. ಅದರ ಬಿಳಿ ದಾಯಾದಿಗೆ ಸಿಪ್ಪೆ ದಪ್ಪ, ಸಿಹಿ ಕಡಿಮೆ. ಕರಿ ಇಶಾಡದ ಗುಣ ಖಾತ್ರಿಯಾಗಿ ಉಳಿಯಬೇಕಾದರೆ ಓಟೆ ಊರಿದರಾಗದು, ಕಸಿ ಕಟ್ಟಬೇಕು. ಅಂದಮೇಲೆ ಇಲ್ಲಿ ಬೀಜದ ಮಾತೇ ಇಲ್ಲ. ಒಂದು ಮರದ ಕಡ್ಡಿಯೇ ಹತ್ತು ಹಿತ್ತಲಲ್ಲಿ ಹತ್ತು ಮರವಾಗಿ ನಿಂತಿರುತ್ತದೆ. ಇದನ್ನು ಹತ್ತೆಂದು ಎಣಿಸಬೇಕೋ ಒಂದೆಂದೋ? ಒಂದೆಂದರೆ ತೋಟದ ಮಾಲಕರು ಒಪ್ಪುವುದಿಲ್ಲ, ಹತ್ತೆಂದರೆ ಅದ್ವೈತಿಗಳು ಬಿಡುವುದಿಲ್ಲ. ಈ ಆಕ್ಷೇಪಕ್ಕೆ ಉತ್ತರ ಬರೆಯಲು ಮೇ ತಿಂಗಳವರೆಗೆ ವಾಯಿದೆ ಕೇಳುತ್ತೇನೆ. ಪ್ರಮಾಣವಸ್ತು ಅಂಕೋಲೆ ಪೇಟೆಗೆ ಬುಟ್ಟಿಯಲ್ಲಿ ಬರುವುದು ಆಗಲೇ.