ಕಾನೂನು ಮೇಷ್ಟ್ರು: ಒಂದು ಕಲಂವಾರು ಅಧ್ಯಯನ

ಸದರಿ ಪ್ರಬಂಧದಲ್ಲಿ, ಸಂದರ್ಭವು ಅನ್ಯಥಾ ಅಗತ್ಯಪಡಿಸಿದ ಹೊರತು, 'ಮೇಷ್ಟ್ರು' ಎಂದರೆ ಕಾನೂನು ಕಾಲೇಜಿನ ಪೂರ್ಣಾವಧಿ ಪ್ರಾಧ್ಯಾಪಕರು. ಅವರ ಸ್ಕೂಟರು, ಕರಿಕೋಟಿನ ತೋಳಿಗೆ ಮೆತ್ತಿದ ಚಾಕ್‌ಪುಡಿ ಮತ್ತು ರೆಕ್ಸಿನ್ ಬೈಂಡಿನ ಹಳದಿ ನೋಟ್ಸು ಆ ಪದದಲ್ಲಿ ಸೇರತಕ್ಕದ್ದು.

ವಕೀಲರು ದಿನಕ್ಕೆ 3 ಗಂಟೆ ಮೀರದಂತೆ ಕಾನೂನು ಪಾಠ ಹೇಳಬಹುದು ಎಂಬುದು ಬಾರ್ ಕೌನ್ಸಿಲಿನ ನಿಯಮ. ಪೂರ್ತಿ ಸಂಬಳದ ಮೇಷ್ಟ್ರು ಮಾತ್ರ ವಕೀಲಿ ಮಾಡುವಂತಿಲ್ಲ. ಅಂದರೆ, ಅಡುಗೆ ಭಟ್ಟರು ಬಡಿಸಲು ಬರಬಹುದು, ಬಡಿಸುವವರು ಒಲೆ ಮುಟ್ಟಬಾರದು. ಹೀಗಾಗಿ ಮೇಷ್ಟ್ರು ಜಡ್ಜ್ ಆಗುವುದು ವರ್ಷಕ್ಕೊಮ್ಮೆ, ಅಣಕು ನ್ಯಾಯಾಲಯದಲ್ಲಿ. ವಿಖ್ಯಾತ ನ್ಯಾಯಶಾಸ್ತ್ರಜ್ಞರನ್ನು ನೇರವಾಗಿ ಸುಪ್ರೀಂ ಕೋರ್ಟಿಗೆ ನೇಮಿಸಬಹುದೆಂದು ಸಂವಿಧಾನದ 124(3)ನೇ ವಿಧಿ ಹೇಳುತ್ತದೇನೋ ನಿಜ, 1950ರಿಂದ ಆ ಬಾಗಿಲಲ್ಲಿ ಒಬ್ಬರೂ ಒಳಹೋಗಿಲ್ಲ. ಮೇಷ್ಟ್ರು ಆ ಪುಟಕ್ಕೆ ಹಳೇ ಬಸ್ ಟಿಕೆಟೊಂದನ್ನು ಗುರುತಿಟ್ಟಿದ್ದಾರೆ.

ಮೇಷ್ಟ್ರ ಸಾರ್ವಜನಿಕ ಸೇವೆ ಕಾಂಪೌಂಡಿನಾಚೆಯಿಂದ ಶುರುವಾಗುತ್ತದೆ. "ಮೇಷ್ಟ್ರೇ, ಬಾಡಿಗೆಯವ್ನು ಮನೆ ಖಾಲಿ ಮಾಡ್ತಿಲ್ಲ, ಏನ್ ಮಾಡ್ಲಿ?" ಎಂದು ಪಕ್ಕದ ಮನೆಯವರು ಕೇಳಿದರೆ, ಮೇಷ್ಟ್ರು 1928ರ ಸ್ಕಾಟ್ಲೆಂಡಿಗೆ ಹೋಗುತ್ತಾರೆ. ಪೇಸ್ಲಿ ಊರಿನ ಕೆಫೆ, ಜಿಂಜರ್ ಬಿಯರಿನ ಸೀಸೆ, ಅದರೊಳಗೆ ಕೊಳೆತ ಬಸವನಹುಳು. ಅದನ್ನು ಕುಡಿದ ಡೊನೊಹ್ಯೂ ಎಂಬಾಕೆಯ ಮೊಕದ್ದಮೆ 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ ತಲುಪುವಷ್ಟರಲ್ಲಿ ಪಕ್ಕದ ಮನೆಯವರ ಕಾಫಿ ಆರಿರುತ್ತದೆ. ಸೀಸೆಯಲ್ಲಿ ಹುಳು ನಿಜಕ್ಕೂ ಇತ್ತೇ ಎಂಬುದು ಕೊನೆಗೂ ಕೋರ್ಟಿನಲ್ಲಿ ಸಾಬೀತಾಗಲಿಲ್ಲ. ಬಾಡಿಗೆಯವನು ಇನ್ನೂ ಮನೆಯಲ್ಲೇ ಇದ್ದಾನೆ.

ಇನ್ನು ವಿಪತ್ತಿನ ವಿಚಾರ. 1860ರ ದಂಡ ಸಂಹಿತೆಯ 511 ಕಲಂಗಳು ಮೇಷ್ಟ್ರಿಗೆ ಮಗ್ಗಿಯಂತೆ ಬಾಯಿಪಾಠ. 2024ರ ಜುಲೈ 1ರಂದು ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ 358 ಕಲಂಗಳೊಂದಿಗೆ ಜಾರಿಯಾಯಿತು. ಕೊಲೆಯ ಶಿಕ್ಷೆ 302ರಿಂದ 103ಕ್ಕೆ ವರ್ಗವಾಯಿತು. ಖಾಲಿಯಾದ 302ಕ್ಕೆ, ಧಾರ್ಮಿಕ ಭಾವನೆಗೆ ಬೇಕೆಂದೇ ನೋವಾಗುವಂತೆ ಮಾತಾಡುವವರು ಬಂದು ಕೂತರು. ನಾಡಿಗೇ ಒಂದು ಬೈಗುಳ ದಯಪಾಲಿಸಿದ್ದ 420, 318ರ 4ನೇ ಉಪಕಲಮಾಯಿತು. "ಅವ್ನೊಬ್ಬ ತ್ರೀ ಏಯ್ಟೀನ್ ಫೋರ್" ಅಂತ ಬೈದರೆ ಜನ ಬಸ್ಸಿನ ನಂಬರ್ ಅಂದುಕೊಂಡಾರು. ಪರಂತು, ಆ ದಿನಕ್ಕೆ ಮುಂಚಿನ ಅಪರಾಧಗಳಿಗೆ ಹಳೇ ಸಂಹಿತೆಯೇ ಅನ್ವಯವಾದ್ದರಿಂದ ಹಳದಿ ನೋಟ್ಸನ್ನು ಗುಜರಿಗೂ ಹಾಕುವಂತಿಲ್ಲ.

ಹೊಸ ಪುಸ್ತಕ ಹಿಡಿದು ಮೊದಲ ಸಲ ಕಳ್ಳತನದ ಪಾಠಕ್ಕೆ ಬಂದ ದಿನ ಮೇಷ್ಟ್ರ ಬೆರಳು ತುಸು ನಡುಗುತ್ತಿತ್ತು. 378 ಹೋಗಿ 303 ಆಗಿತ್ತು. ಕನ್ನಡಕ ಮೇಲೇರಿಸಿ ದೃಷ್ಟಾಂತಗಳನ್ನು ಒಂದೊಂದಾಗಿ ಸವರಿದರು. ಜೇಬಿನಲ್ಲಿ ತಿಂಡಿ ಇಟ್ಟುಕೊಂಡು 'ಝಡ್' ಎಂಬುವನ ನಾಯಿಯನ್ನು ಬೆನ್ನ ಹಿಂದೆ ಬರಿಸಿಕೊಂಡು ಹೋಗುತ್ತಿದ್ದ 'ಎ' ಎಂಬುವನು, ಒಂದೂವರೆ ಶತಮಾನ ದಾಟಿಯೂ, ಹಾಗೇ ಹೋಗುತ್ತಿದ್ದ.

"ಇದೆ ಕಣ್ರಪ್ಪಾ, ನಾಯಿ ಇದೆ" ಎಂದರು ಮೇಷ್ಟ್ರು.