ಪರದೆಯ ಪರಮವೈರಿ

ಬಸವನಗುಡಿಯಿಂದ ಜಯನಗರದ ಪರ್ಯಂತ ಯಾವ ಬೀದಿಯಲ್ಲಿ ಅರಸಿದರೂ ಒಬ್ಬರಾದರೂ ಸಿಕ್ಕೇ ಸಿಕ್ಕುವಂಥ ಆ ನಿವೃತ್ತ ಮಹನೀಯರನ್ನು ಸೌಕರ್ಯಕ್ಕಾಗಿ ರಾಯರೆಂದು ಕರೆಯೋಣ. ಮುಖಕ್ಕೆ ಮುಖ ಕೊಟ್ಟು ಮಾತನಾಡುವ ಸತ್ಸಂಪ್ರದಾಯವು ಮೊಬೈಲೆಂಬ ಮಾಯಾವಿಯಿಂದ ನಷ್ಟಪ್ರಾಯವಾಯಿತೆಂಬ ವ್ಯಥೆ ಅವರನ್ನು ಅಹರ್ನಿಶಿ ಬಾಧಿಸುತ್ತಿರುವುದು. ಅದನ್ನು ಅವರು ತೋಡಿಕೊಳ್ಳುವುದು ಮಾತ್ರ ಬೆಳಗಿನ ಜಾವದಲ್ಲಿ, ತಾವರೆಯ ಚಿತ್ರಸಮೇತವಾದ ಶುಭೋದಯದ ಕೆಳಗೆ, ವಾಟ್ಸ್‌ಆಪ್ ಗ್ರೂಪುಗಳಲ್ಲಿ. ಮೊಬೈಲ್ ಗೀಳಿನ ಚಿಕಿತ್ಸೆಗೆಂದು ನಿಮ್ಹಾನ್ಸ್ 2014ರಲ್ಲಿ ತೆರೆದ ಶಟ್ ಕ್ಲಿನಿಕ್ಕಿನ ವಿವರ ಅವರಿಗೆ ಕಂಠಸ್ಥ. ಮದುವೆಮನೆಯ ಪಂಕ್ತಿಯಲ್ಲಿ ಫೋನು ತೋರಿಸಿ ಮಗುವಿಗೆ ತುತ್ತಿಡುವ ತಾಯಿ ಕಣ್ಣಿಗೆ ಬಿದ್ದಳೋ, ಹೋಳಿಗೆಗೆ ತುಪ್ಪ ಬೀಳುವುದರೊಳಗಾಗಿ ಅದನ್ನು ಆಕೆಗೆ ಉಪದೇಶಿಸಿ, "ನಿನ್ನ ನಂಬರ್ ಹೇಳಮ್ಮ, ಒಂದು ಒಳ್ಳೇ ವೀಡಿಯೊ ಕಳಿಸ್ತೀನಿ" ಎನ್ನುವರು.

ಲಾಕ್‌ಡೌನಿನ ಆನ್‌ಲೈನ್ ಪಾಠಗಳಿಂದ ಮಕ್ಕಳಿಗೆ ಹತ್ತಿದ ಚಟವನ್ನು ಬಿಡಿಸಲೆಂದು, ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಗ್ರಾಮದವರು 2022ರಲ್ಲಿ ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಮೊಳಗಿಸಿ, ಒಂದೂವರೆ ಗಂಟೆ ಕಾಲ ಟಿವಿ ಮೊಬೈಲುಗಳನ್ನು ಆರಿಸುವ ಪದ್ಧತಿಯನ್ನು ತಂದರು. ಏರ್ಪಾಡು ವಿವೇಕಯುತವಾದದ್ದೇ; ರಾಯರ ಕಿವಿಗೆ ಬಿದ್ದುದೊಂದೇ ಅದರ ದುರದೃಷ್ಟ. ನಡುರಾತ್ರಿ ಹೊದಿಕೆಯೊಳಗೆ ಫೋನು ಹಿಡಿದು ಈ ವಾರ್ತೆಯನ್ನು ಓದಿದ ಅವರು, ಮರುದಿನವೇ ದೇವರ ಮನೆಯ ಶಂಖವನ್ನು ಹಜಾರಕ್ಕೆ ತಂದರು.

ಏಳಕ್ಕೆ ಶಂಖನಾದವಾಗಿ, ಮಗ, ಸೊಸೆ, ಮೊಮ್ಮಕ್ಕಳು ತಂತಮ್ಮ ಫೋನುಗಳನ್ನು ಬೆತ್ತದ ಬುಟ್ಟಿಗೆ ಸಮರ್ಪಿಸಿ, ಇನ್ನೇನು ಮಾಡುವುದೆಂದು ತೋಚದೆ ಗೋಡೆ ನೋಡುತ್ತ ಕುಳಿತರು. ಈ ಸುಮುಹೂರ್ತವು ದಾಖಲಾಗದಿದ್ದರೆ ಲೋಕಕ್ಕೆ ಮಾದರಿಯಾಗುವ ಬಗೆ ಹೇಗೆ? ರಾಯರು ತಮ್ಮ ಫೋನನ್ನೆತ್ತಿ, "ಯಾರೂ ಈ ಕಡೆ ನೋಡ್ಬೇಡಿ, ಸಹಜವಾಗಿ ಮಾತಾಡ್ತಾ ಇರಿ, ಪುಟ್ಟೀ, ಸ್ವಲ್ಪ ನಗು, ಅಷ್ಟು ಬೇಡ" ಎಂದು ನಿರ್ದೇಶಿಸಿದರು. ಮೊದಲ ಚಿತ್ರದಲ್ಲಿ ಟ್ಯೂಬ್‌ಲೈಟು ಅವರ ಧರ್ಮಪತ್ನಿಯ ಕನ್ನಡಕದಲ್ಲಿ ಹೊಳೆಯಿತು. ಎರಡನೆಯದರಲ್ಲಿ ಮಗ ಆಕಳಿಸಿದ್ದನು. ಮೂರನೆಯದು ತೃಪ್ತಿಕರವಾಗಿ ಬಂದು, 'ಇಂದಿನಿಂದ ನಮ್ಮ ಮನೆಯಲ್ಲಿ ಮೊಬೈಲ್ ಉಪವಾಸ' ಎಂಬ ಶೀರ್ಷಿಕೆಯೊಡನೆ ಲೋಕಸಂಚಾರಕ್ಕೆ ಹೊರಟಿತು. ಆದರೆ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ರವಾನಿಸಕೂಡದೆಂದು ವಾಟ್ಸ್‌ಆಪಿನವರು ನಮ್ಮ ದೇಶದಲ್ಲಿ 2018ರಲ್ಲಿ ವಿಧಿಸಿದ ನಿರ್ಬಂಧವು ಸಮಾಜೋದ್ಧಾರಕರ ಕಷ್ಟವನ್ನೇನು ಬಲ್ಲುದು? ಐದೈದಾಗಿ ಕಳುಹಿಸುತ್ತ, ಬಂದ ಮೆಚ್ಚುಗೆಗಳಿಗೆಲ್ಲ ಕೈಮುಗಿಯುವ ಚಿಹ್ನೆಯನ್ನು ಒತ್ತುತ್ತ, ರಾಯರು ಮೂಲೆಯ ಕುರ್ಚಿಯಲ್ಲಿ ಅಂತರ್ಧಾನರಾದರು.

ಇತ್ತ, ನಿರ್ದೇಶಕರಿಲ್ಲದ ಹಜಾರದಲ್ಲಿ ನಿಜವಾದ ಮಾತು ಶುರುವಾಯಿತು. ಹೆಣ್ಣು ನೋಡಲು ಬಂದ ದಿನ ತಾತ ಮುಖವೆತ್ತದೆ, ಟೀಪಾಯಿಯ ಮೇಲಿದ್ದ 'ಸುಧಾ'ವನ್ನು ಪದಬಂಧದವರೆಗೂ ಓದಿ ಮುಗಿಸಿ, ಆಮೇಲೆ ಹೊರಗೆ ಬಂದು ಹುಡುಗಿ ಒಪ್ಪಿಗೆಯೆಂದ ಕಥೆಯನ್ನು ಅಜ್ಜಿ ಹೇಳುತ್ತಿದ್ದರೆ, ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅಷ್ಟರಲ್ಲಿ ಮೂಲೆಯಿಂದ, "ನನ್ನ ಚಾರ್ಜರ್ ಎಲ್ಲೇ?" ಎಂಬ ಕೂಗು ಬಂದಿತು.

"ಬೇಗ ಕೊಟ್ಟು ಬಾರೋ," ಎಂದರು ಅಜ್ಜಿ, "ಇಲ್ದಿದ್ರೆ ಎದ್ದು ಇಲ್ಲಿಗೇ ಬಂದುಬಿಡ್ತಾರೆ."